ಆಟಿಸಂ ಇರುವ ವಿದ್ಯಾರ್ಥಿಗಳು ಮತ್ತು ಶಾಲೆಯ ನಂತರದ ಬಾಳು: ಸಂಕ್ರಮಣ ಯೋಜನೆಯ ಚರಿತ್ರೆಯ ಕೆಲವು ಘಟ್ಟಗಳು

ಶಿಕ್ಷಣದ ಚರಿತ್ರೆಯನ್ನು ಬರೆಯುವವರು ವಿದ್ಯಾರ್ಥಿಯು ಶಾಲೆಗೆ ಸೇರುವ ಬಗೆಯನ್ನೂ ಅಲ್ಲಿ ಕಲಿಯುವ ಬಗೆಯನ್ನೂ ವಿಸ್ತಾರವಾಗಿ ಹೇಳಿ, ಅವನು ಶಾಲೆಯನ್ನು ಬಿಡುವ ಘಟ್ಟ ಬಂದೊಡನೆ ಲೇಖನಿಯನ್ನು ಕೆಳಗಿಡುವುದು ವಾಡಿಕೆಯಾಗಿದೆ. ಬಹುಪಾಲು ವಿದ್ಯಾರ್ಥಿಗಳ ಮಟ್ಟಿಗೆ ಇದರಿಂದ ದೊಡ್ಡ ಲೋಪವೇನೂ ಆಗದು. ಶಾಲೆ ಬಿಟ್ಟವರು ಕಾಲೇಜಿಗೋ ಕಸುಬಿಗೋ ಹೋಗುತ್ತಾರೆ. ಬಂಧುಬಳಗ, ನೆರೆಹೊರೆ, ನೋಡಿ ಕಲಿಯುವ ರೂಢಿ ಇವೇ ಅವರನ್ನು ವಯಸ್ಕರ ಬಾಳಿಗೆ ಸಾಗಿಸುತ್ತವೆ. ಆಟಿಸಂ ಇರುವ ವಿದ್ಯಾರ್ಥಿಯ ವಿಷಯ ಹಾಗಲ್ಲ. ನಮ್ಮ ಕಾಗದಪತ್ರಗಳಲ್ಲಿ ಸ್ವಲೀನತೆಯೆಂದು ಕರೆಯಲಾಗುವ ಈ ಸ್ಥಿತಿಯು ಬಾಲ್ಯದಲ್ಲಿಯೇ ಕಾಣಿಸಿಕೊಂಡು ಬಾಳಿನುದ್ದಕ್ಕೂ ಇರುವಂಥದು. ಮಾತು ಮತ್ತು ಒಡನಾಟದ ರೀತಿ ಬೇರೆಯಾಗಿರುವುದು, ರೂಢಿಯಾದ ಕ್ರಮ ತಪ್ಪಿದರೆ ತೀವ್ರವಾದ ಕಳವಳವಾಗುವುದು, ಒಂದು ಸ್ಥಳದಲ್ಲಿ ಕಲಿತುದನ್ನು ಇನ್ನೊಂದು ಸ್ಥಳದಲ್ಲಿ ಬಳಸುವುದು ಕಷ್ಟವಾಗುವುದು, ಇವು ಅದರ ಲಕ್ಷಣಗಳಲ್ಲಿ ಕೆಲವು. ಹೀಗಿರಲು, ಹತ್ತು ಹನ್ನೆರಡು ವರ್ಷ ಒಂದೇ ಗಂಟೆಯ ಸದ್ದಿಗೆ ಒಗ್ಗಿದ ಇಂಥ ಯುವಕನಿಗೆ ಶಾಲೆ ಮುಗಿಯಿತೆಂದರೆ ನೆಲವೇ ಸರಿದಂತೆ.

ಸೂರ್ಯನು ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವುದನ್ನು ನಾವು ಸಂಕ್ರಮಣವೆನ್ನುತ್ತೇವೆ. ಶಾಲೆಯಿಂದ ವಯಸ್ಕರ ಬಾಳಿಗೆ ದಾಟುವುದಕ್ಕೂ ಅದೇ ಮಾತನ್ನು ಇಲ್ಲಿ ಬಳಸಿದ್ದೇವೆ. ಈ ದಾಟುವಿಕೆಯನ್ನು ಮುಂಚಿತವಾಗಿಯೇ ಗೊತ್ತುಮಾಡಬೇಕೆಂಬ ಯೋಚನೆ ಎಲ್ಲಿ, ಯಾವ ಅನುಭವದಿಂದ ಹುಟ್ಟಿತು, ಅದು ಕಾನೂನಾದ ಮೇಲೆ ಏನಾಯಿತು ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಈ ಚರಿತ್ರೆಯನ್ನು ನೋಡಿದಾಗ ನಮಗೆ ತೋರುವುದೇನೆಂದರೆ, ವಿದ್ಯಾರ್ಥಿಯನ್ನು ಎಷ್ಟು ಸಿದ್ಧಗೊಳಿಸಲಾಯಿತೆಂಬುದಷ್ಟೇ ಅಲ್ಲದೆ, ಅವನನ್ನು ಬರಮಾಡಿಕೊಳ್ಳುವ ಸ್ಥಳವನ್ನು ಯಾರಾದರೂ ಸಿದ್ಧಗೊಳಿಸಿದ್ದರೇ ಎಂಬುದೂ ಅವನ ಬಾಳನ್ನು ನಿರ್ಧರಿಸಿದೆ.

ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವೈದ್ಯರಾದ ಲಿಯೋ ಕ್ಯಾನರ್ ಅವರು ೧೯೪೩ರಲ್ಲಿ ೧೧ ಮಕ್ಕಳನ್ನು ವರ್ಣಿಸಿ ಪ್ರಕಟಿಸಿದ ಪ್ರಬಂಧದಿಂದ ಈ ವಿಷಯದ ಆಧುನಿಕ ಚರ್ಚೆ ಮೊದಲಾಯಿತೆಂಬುದು ಎಲ್ಲರಿಗೂ ತಿಳಿದದ್ದೇ. ಆ ಪ್ರಬಂಧ ಮಕ್ಕಳನ್ನು ಕುರಿತದ್ದು. ಮಕ್ಕಳು ಬೆಳೆದರು. ಅವರೇನಾದರೆಂಬ ಪ್ರಶ್ನೆಯನ್ನು ಮೊದಲು ಲೆಕ್ಕ ಹಾಕಿ ಕೇಳಿದವರು ಕ್ಯಾನರ್ ಅವರ ಸಹೋದ್ಯೋಗಿ ಲಿಯೋನ್ ಐಸೆನ್‌ಬರ್ಗ್. ೧೯೫೬ರಲ್ಲಿ ಅವರು ಹದಿಹರೆಯಕ್ಕೆ ಬಂದಿದ್ದ ೬೩ ಮಂದಿಯ ಸ್ಥಿತಿಯನ್ನು ವಿಚಾರಿಸಿ, ೩ ಮಂದಿ ಚೆನ್ನಾಗಿಯೂ ೧೪ ಮಂದಿ ಸಾಧಾರಣವಾಗಿಯೂ ೪೬ ಮಂದಿ ಹೀನಸ್ಥಿತಿಯಲ್ಲಿಯೂ ಇರುವರೆಂದು ವರದಿಮಾಡಿದರು. ಐದು ವರ್ಷದೊಳಗೆ ಉಪಯೋಗಕ್ಕೆ ಬರುವಷ್ಟು ಮಾತು ಬಂದ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಮೇಲಿನ ಎರಡು ವರ್ಗಗಳಲ್ಲಿದ್ದರು. ಮಾತು ಬಾರದ ೩೧ ಮಂದಿಯಲ್ಲಿ ಒಬ್ಬನು ಮಾತ್ರ ಅಲ್ಲಿದ್ದನು. ಇದರಿಂದ ವೈದ್ಯರಲ್ಲಿ ಬೇರೂರಿದ ಅಭಿಪ್ರಾಯ, ಮಗುವಿನ ಮುಂದಿನ ಗತಿ ಮಗುವಿನೊಳಗೇ ಅಡಗಿದೆಯೆಂಬುದು. ಮಾತು ಬಂದರೆ ಬಂದಿತು, ಇಲ್ಲದಿದ್ದರೆ ಇಲ್ಲ. ಹಾಗಾದರೆ ಯೋಜನೆಯೇಕೆ?

ಆದರೆ ೧೯೭೧ರಲ್ಲಿ ಕ್ಯಾನರ್ ಅವರೇ ತಮ್ಮ ಮೊದಲ ೧೧ ಮಕ್ಕಳನ್ನು ಹುಡುಕಿಸಿ ಬರೆದ ಎರಡನೆಯ ವರದಿ ಬೇರೆ ಕಥೆಯನ್ನು ಹೇಳುತ್ತದೆ. ಈ ವರದಿಗೆ ಮೊದಲಿನ ಪ್ರಬಂಧಕ್ಕೆ ದೊರೆತ ಪ್ರಸಿದ್ಧಿ ದೊರೆಯದಿದ್ದುದು ವಿಷಾದದ ಸಂಗತಿ. ಶಿಕ್ಷಕರಾದವರು ಎರಡರಲ್ಲಿ ಒಂದನ್ನೇ ಓದಬೇಕಾದರೆ ಎರಡನೆಯದನ್ನು ಓದಬೇಕೆಂದು ನಮ್ಮ ಅಭಿಪ್ರಾಯ. ಅದರಲ್ಲಿ ಹೇಳಿರುವಂತೆ ನಾಲ್ವರು ಮಕ್ಕಳು ತಮ್ಮ ಬಾಳಿನ ಬಹುಭಾಗವನ್ನು ಸರ್ಕಾರಿ ಆಸ್ಪತ್ರೆ ಮೊದಲಾದ ಸಂಸ್ಥೆಗಳಲ್ಲಿ ಕಳೆದರು. ಒಳಗೆ ಸೇರಿದ ಸ್ವಲ್ಪ ಕಾಲದಲ್ಲಿಯೇ ಅವರಲ್ಲಿ ಮೊದಲಿದ್ದ ಚುರುಕೂ ನೆನಪಿನ ಶಕ್ತಿಯೂ ಮಂಕಾದುವು. ಅಲ್ಲಿಗೆ ಸೇರಿಸುವುದೆಂದರೆ ಜೀವಾವಧಿ ಶಿಕ್ಷೆಯನ್ನು ವಿಧಿಸಿದಂತೆಯೇ ಸರಿ ಎಂಬ ಭಾವನೆಗೆ ವೃದ್ಧ ವೈದ್ಯರು ಬಂದರು. ಅವರ ಲೇಖನಿಯಿಂದ ಇಂಥ ಮಾತು ಬಂದುದು ಸಾಮಾನ್ಯ ವಿಷಯವಲ್ಲ.

ಇದಕ್ಕೆ ಎದುರಾಗಿ ನಿಲ್ಲುವುದು ಮೊದಲನೆಯ ಬಾಲಕನಾದ ಡೊನಾಲ್ಡ್ ಟ್ರಿಪ್ಲೆಟ್‌ನ ವೃತ್ತಾಂತ. ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನಲ್ಲಿ ೧೯೩೩ರಲ್ಲಿ ಹುಟ್ಟಿದ ಇವನನ್ನು ೧೯೪೨ರಲ್ಲಿ ತಂದೆತಾಯಿಗಳು ಹತ್ತು ಮೈಲಿ ದೂರದ ಒಬ್ಬ ಗೇಣಿರೈತನ ಮನೆಯಲ್ಲಿ ಬಿಟ್ಟರು. ಆ ರೈತ ದಂಪತಿಗಳಿಗೆ ಮನಶ್ಶಾಸ್ತ್ರದ ಪರಿಚಯವಿರಲಿಲ್ಲ. ಹುಡುಗನಿಗೆ ಅಳತೆಯ ಹುಚ್ಚು. ಅವರು ಅವನಿಂದ ಬಾವಿ ತೋಡಿಸಿ, ಎಷ್ಟು ಆಳವಾಯಿತೆಂದು ಅಳೆದು ಹೇಳುವ ಕೆಲಸ ಕೊಟ್ಟರು. ಸತ್ತ ಹಕ್ಕಿಗಳನ್ನೂ ಹುಳುಗಳನ್ನೂ ತಂದು ಕೂಡಿಹಾಕುತ್ತಿದ್ದನು. ಅವಕ್ಕೊಂದು ಸ್ಮಶಾನವೆಂದು ಜಾಗ ತೋರಿಸಿ ಗುರುತುಗಳನ್ನು ನೆಡಲು ಹೇಳಿದರು. ಮುಸುಕಿನ ಜೋಳದ ಸಾಲುಗಳನ್ನು ಮತ್ತೆಮತ್ತೆ ಎಣಿಸುತ್ತಿದ್ದನು. ಉಳುತ್ತಲೇ ಎಣಿಸು ಎಂದು ನೇಗಿಲನ್ನು ಕೈಗೆ ಕೊಟ್ಟರು. ೧೯೪೫ರಲ್ಲಿ ಅಲ್ಲಿಗೆ ಹೋಗಿ ನೋಡಿದ ಕ್ಯಾನರ್ ಅವರು ಆ ರೈತ ದಂಪತಿಗಳ ವಿವೇಕಕ್ಕೆ ಬೆರಗಾದರು. ಹುಡುಗನ ಚಾಳಿಯನ್ನು ಕೀಳದೆ ಅದಕ್ಕೊಂದು ಗುರಿಯನ್ನು ಕೊಟ್ಟದ್ದೇ ಅವರ ಉಪಾಯ. ಮುಂದೆ ಡೊನಾಲ್ಡ್ ಊರ ಶಾಲೆಯಲ್ಲಿ ಓದಿ, ೧೯೫೮ರಲ್ಲಿ ಮಿಲ್ಸಾಪ್ಸ್ ಕಾಲೇಜಿನಿಂದ ಪದವಿ ಪಡೆದು, ತಮ್ಮ ಊರಿನ ಬ್ಯಾಂಕಿನಲ್ಲಿ ಗುಮಾಸ್ತರಾದರು. ಗಾಲ್ಫ್ ಆಡಿದರು, ಕಾರು ನಡೆಸಿದರು, ದೇಶ ದೇಶಗಳನ್ನು ತಿರುಗಿದರು. ೨೦೨೩ರಲ್ಲಿ ತಮ್ಮ ೮೯ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಮೇಲಿನ ವಾಕ್ಯಗಳಲ್ಲಿ ಅವನು ಎಂಬುದು ಅವರು ಎಂದಾದುದನ್ನು ವಾಚಕರು ಗಮನಿಸಿರಬಹುದು. ವ್ಯಕ್ತಿಯು ದೊಡ್ಡವನಾದನೆಂಬುದನ್ನು ನಮ್ಮ ಭಾಷೆ ಕ್ರಿಯಾಪದದಲ್ಲಿಯೇ ಒಪ್ಪಿಕೊಳ್ಳುತ್ತದೆ. ಆಟಿಸಂ ಇರುವ ಮೂವತ್ತು ವರ್ಷದವರನ್ನು ಎದುರಿಗೇ ‘ಮಗು’ ಎಂದು ಮಾತಾಡಿಸುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಅವರ ಸಂಕ್ರಮಣ ವ್ಯಾಕರಣದಲ್ಲಿ ಕೂಡ ನಡೆದಿಲ್ಲವೆಂದಾಯಿತು.

ಡೊನಾಲ್ಡ್ ಅವರ ಬಾಳನ್ನು ನಿದರ್ಶನವಾಗಿ ಎತ್ತಿ ಹೇಳುವಾಗ ಒಂದು ಸಂಗತಿಯನ್ನು ಮರೆಯಬಾರದು. ಅವರು ಕೆಲಸಮಾಡಿದ ಬ್ಯಾಂಕು ಅವರ ತಾಯಿಯ ಮನೆತನಕ್ಕೆ ಸೇರಿದ್ದು, ತಂದೆ ವಕೀಲರು. ಐಶ್ವರ್ಯವೂ ಊರಿನಲ್ಲಿ ಗೌರವವೂ ಇದ್ದ ಮನೆ ತನ್ನ ಮಗನಿಗೆ ಸ್ಥಳವನ್ನು ಸೃಷ್ಟಿಸಿಕೊಳ್ಳಬಲ್ಲದು. ಆದುದರಿಂದ ಹೆಚ್ಚು ಬೋಧಪ್ರದವಾದುದು ಅದೇ ಹನ್ನೊಂದು ಮಕ್ಕಳಲ್ಲಿ ಹರ್ಬರ್ಟ್ ಎಂದು ಕ್ಯಾನರ್ ಅವರು ಕರೆದ ಹುಡುಗನ ವೃತ್ತಾಂತವೆಂದು ನಮಗೆ ತೋರುತ್ತದೆ. ೧೯೪೩ರ ಪ್ರಬಂಧದಲ್ಲಿ ಮಾತು ಬಾರದವರೆಂದು ಹೇಳಿದ ಮೂವರಲ್ಲಿ ಇವನೊಬ್ಬ. ಐಸೆನ್‌ಬರ್ಗ್ ಅವರ ಲೆಕ್ಕದಂತೆ ಇವನಿಗೆ ಭವಿಷ್ಯವೇ ಇರಕೂಡದು. ಆದರೆ ಇವನನ್ನೂ ಒಂದು ರೈತಕುಟುಂಬ ಇಟ್ಟುಕೊಂಡಿತು. ರೈತನ ಹಿಂದೆ ಹಿಂದೆಯೇ ಹೋಗಿ ಅವನ ಕೆಲಸಗಳಿಗೆ ಕೈಗೂಡಿಸುತ್ತಿದ್ದನು. ರೈತನು ತೀರಿಕೊಂಡ ಮೇಲೆ ಅವನ ಹೆಂಡತಿ ವೃದ್ಧೆಯರ ಆರೈಕೆಗಾಗಿ ಒಂದು ಮನೆಯನ್ನು ತೆರೆದಾಗ ಹರ್ಬರ್ಟ್ ಅಲ್ಲಿಯೂ ಆಕೆಯೊಡನೆ ಉಳಿದು ಸಣ್ಣಪುಟ್ಟ ಕೆಲಸಗಳಲ್ಲಿ ನೆರವಾದನು. ಅದೇ ಮೂವರಲ್ಲಿ ಉಳಿದ ಇಬ್ಬರು, ರಿಚರ್ಡ್ ಮತ್ತು ವರ್ಜೀನಿಯಾ ಎಂದು ಕರೆಯಲಾದವರು, ಮೇಲೆ ಹೇಳಿದ ನಾಲ್ವರ ಗುಂಪಿನಲ್ಲಿದ್ದಾರೆ. ಮೂವರಿಗೂ ಮಾತಿಲ್ಲ, ಒಬ್ಬನಿಗೆ ಮನೆ ದೊರೆಯಿತು, ಇಬ್ಬರಿಗೆ ಸಂಸ್ಥೆ.

ಹನ್ನೊಂದು ಮಂದಿಯ ವೃತ್ತಾಂತದಿಂದ ಸಿದ್ಧಾಂತವನ್ನು ಕಟ್ಟಲಾಗದೆಂಬ ಆಕ್ಷೇಪ ನ್ಯಾಯವಾದುದೇ. ಸೌಮ್ಯ ಸ್ವಭಾವದವರನ್ನು ಜನ ಮನೆಯಲ್ಲಿ ಉಳಿಸಿಕೊಂಡರು, ಉಳಿದವರನ್ನು ಸಂಸ್ಥೆಗೆ ಕಳುಹಿಸಿದರು ಎಂದೂ ವಾದಿಸಬಹುದು. ಸ್ವಭಾವವನ್ನೂ ಸ್ಥಳವನ್ನೂ ಪೂರ್ತಿಯಾಗಿ ಬಿಡಿಸಿ ತೂಗುವುದು ಸಾಧ್ಯವಿಲ್ಲ. ಆದರೂ ಸ್ವಭಾವವೇ ಸರ್ವಸ್ವವೆಂಬ ಹಳೆಯ ನಿರ್ಣಯವನ್ನು ಅಲುಗಿಸಲು ಹರ್ಬರ್ಟ್ ಒಬ್ಬನೇ ಸಾಕು.

ಈ ಅರಿವು ವ್ಯವಸ್ಥೆಯಾಗಿ ಬೆಳೆಯಲು ತಡೆಯಾಗಿದ್ದುದು ಒಂದು ತಪ್ಪು ಸಿದ್ಧಾಂತ. ತಂದೆತಾಯಿಗಳ, ಮುಖ್ಯವಾಗಿ ತಾಯಿಯ, ಪ್ರೀತಿಯ ಕೊರತೆಯಿಂದಲೇ ಮಗು ಹೀಗಾಗುತ್ತದೆಂದು ಆ ಕಾಲದ ಅನೇಕ ವಿದ್ವಾಂಸರು ನಂಬಿದ್ದರು. ಬ್ರೂನೋ ಬೆಟೆಲ್‌ಹೈಮ್ ಅವರ ೧೯೬೭ರ ಗ್ರಂಥ ಈ ನಂಬಿಕೆಯನ್ನು ಜನಜನಿತವಾಗಿಸಿತು. ಅಪರಾಧಿಯೆಂದು ಗುರುತಿಸಿದವರನ್ನು ಆಲೋಚನಾಸಭೆಗೆ ಕರೆಯುವವರಾರು? ಸ್ವತಃ ಆಟಿಸಂ ಇರುವ ಮಗನ ತಂದೆಯಾಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್ ೧೯೬೪ರಲ್ಲಿಯೇ ಈ ವಾದವನ್ನು ಖಂಡಿಸಿ, ಇದು ಶರೀರಮೂಲವಾದುದೆಂದು ಪ್ರತಿಪಾದಿಸಿ ಗ್ರಂಥ ಬರೆದಿದ್ದರು. ಉತ್ತರ ಕೆರೊಲಿನಾದಲ್ಲಿ ಎರಿಕ್ ಷಾಪ್ಲರ್ ಅವರು ತಂದೆತಾಯಿಗಳನ್ನೇ ಸಹಶಿಕ್ಷಕರನ್ನಾಗಿ ಮಾಡಿಕೊಂಡು ಕೆಲಸ ನಡೆಸಿದರು. ಆ ರಾಜ್ಯದ ಶಾಸನಸಭೆ ೧೯೭೨ರಲ್ಲಿ ಅವರ ಕಾರ್ಯಕ್ರಮವನ್ನು ರಾಜ್ಯದ ವ್ಯವಸ್ಥೆಯಾಗಿ ಅಂಗೀಕರಿಸಿತು. ‘ಟೀಚ್’ ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ಪದ್ಧತಿಯಲ್ಲಿ ದಿನದ ಕೆಲಸಗಳನ್ನು ಚಿತ್ರಗಳ ಸಾಲಾಗಿ ಕಣ್ಣಿಗೆ ಕಾಣುವಂತೆ ಜೋಡಿಸುತ್ತಾರೆ. ಬಾಲ್ಯದಲ್ಲಿ ಶಾಲೆಯ ಮೇಜಿನ ಮೇಲಿದ್ದ ಆ ಸಾಲನ್ನೇ ದೊಡ್ಡವರಾದಾಗ ಕಾರ್ಖಾನೆಗೂ ಒಯ್ಯಬಹುದಾದುದು ಅದರ ಹೆಚ್ಚುಗಾರಿಕೆ.

ಇಂಗ್ಲೆಂಡಿನಲ್ಲಿ ದಾರಿ ಸ್ವಲ್ಪ ಬೇರೆಯಾಗಿದ್ದಿತು. ಅಲ್ಲಿ ತಂದೆತಾಯಿಗಳು ೧೯೬೨ರಲ್ಲಿ ಸಂಘವೊಂದನ್ನು ಕಟ್ಟಿ, ೧೯೬೫ರಲ್ಲಿ ಲಂಡನ್ನಿನ ಈಲಿಂಗ್‌ನಲ್ಲಿ ಶಾಲೆಯನ್ನು ತೆರೆದರು. ಸಿಬಿಲ್ ಎಲ್ಗರ್ ಎಂಬ ಶಿಕ್ಷಕಿ ಅದರ ಮುಖ್ಯಸ್ಥೆ. ಕೆಲವೇ ವರ್ಷಗಳಲ್ಲಿ ಆಕೆಯ ವಿದ್ಯಾರ್ಥಿಗಳು ಬೆಳೆದು ನಿಂತರು; ಶಾಲೆಯ ಆಚೆ ಏನೂ ಇರಲಿಲ್ಲ. ೧೯೭೪ರಲ್ಲಿ ಸಾಮರ್‌ಸೆಟ್ ಕೋರ್ಟ್ ಎಂಬಲ್ಲಿ ವಯಸ್ಕರಿಗಾಗಿ ವಸತಿಯೂ ಕೆಲಸವೂ ಕೂಡಿದ ನೆಲೆಯನ್ನು ಆಕೆ ಏರ್ಪಡಿಸಬೇಕಾಯಿತು. ಶಾಲೆಯೇ ಮುಂದಿನ ಸ್ಥಳವನ್ನೂ ಕಟ್ಟಿಕೊಳ್ಳಬೇಕಾದ ಈ ರೀತಿಯಲ್ಲಿ ಮಮತೆ ಉಂಟು, ಭದ್ರತೆ ಉಂಟು. ಆದರೆ ಲೋಕದೊಡನೆ ಬೆರೆಯುವ ಅವಕಾಶ ಕಡಮೆ.

ಲೋಕದೊಡನೆ ಬೆರೆಯುವುದು ಹಕ್ಕೆಂಬ ಭಾವನೆ ಅಮೆರಿಕದ ಶಾಸನಗಳಲ್ಲಿ ಮೆಲ್ಲಮೆಲ್ಲನೆ ಮೂಡಿತು. ೧೯೭೫ರ ಕಾಯಿದೆ ಅಂಗವಿಕಲರಾದ ಎಲ್ಲ ಮಕ್ಕಳಿಗೂ ಶಾಲೆಯ ಬಾಗಿಲನ್ನು ತೆರೆಯಿಸಿತು. ಆ ಮಕ್ಕಳ ಮೊದಲ ತಂಡ ಶಾಲೆಯನ್ನು ಮುಗಿಸಿ ಹೊರಬಂದಾಗ, ಕಲಿತವರು ಮನೆಯಲ್ಲಿ ಸುಮ್ಮನೆ ಕುಳಿತಿದ್ದಾರೆಂಬುದು ಬಯಲಾಯಿತು. ೧೯೮೪ರಲ್ಲಿ ಕೇಂದ್ರ ಶಿಕ್ಷಣ ಇಲಾಖೆಯ ಅಧಿಕಾರಿ ಮ್ಯಾಡಲೀನ್ ವಿಲ್ ಅವರು ಶಾಲೆಯಿಂದ ಉದ್ಯೋಗಕ್ಕೆ ಸೇತುವೆಗಳು ಬೇಕೆಂದು ವಾದಿಸಿದರು. ಮರುವರ್ಷವೇ ಆಂಡ್ರ್ಯೂ ಹಾಲ್ಪರ್ನ್ ಎಂಬ ವಿದ್ವಾಂಸರು, ಉದ್ಯೋಗವೊಂದೇ ಗುರಿಯಾದರೆ ಸಾಲದು, ವಾಸದ ಮನೆಯೂ ಸ್ನೇಹಸಂಬಂಧಗಳೂ ಲೆಕ್ಕಕ್ಕೆ ಬರಬೇಕೆಂದರು. ಈ ಚರ್ಚೆಯಲ್ಲಿ ನಾವು ಹಾಲ್ಪರ್ನ್ ಅವರ ಪಕ್ಷ. ಹರ್ಬರ್ಟ್‌ಗೆ ದೊರೆತುದು ಸಂಬಳವಲ್ಲ, ಮನೆ.

೧೯೯೦ರಲ್ಲಿ ಆ ಕಾಯಿದೆಗೆ ತಿದ್ದುಪಡಿಯಾದಾಗ ಎರಡು ಸಂಗತಿಗಳು ಒಟ್ಟಿಗೆ ನಡೆದುವು. ಆಟಿಸಂ ಪ್ರತ್ಯೇಕ ವರ್ಗವಾಗಿ ಮೊದಲ ಬಾರಿಗೆ ಕಾಯಿದೆಯಲ್ಲಿ ಹೆಸರು ಪಡೆಯಿತು. ೧೬ನೆಯ ವಯಸ್ಸಿನ ವೇಳೆಗೆ ಪ್ರತಿಯೊಬ್ಬ ವಿದ್ಯಾರ್ಥಿಗೂ ಸಂಕ್ರಮಣ ಸೇವೆಗಳನ್ನು ಬರಹದಲ್ಲಿ ಗೊತ್ತುಮಾಡಬೇಕೆಂಬ ವಿಧಿಯೂ ಅದರಲ್ಲಿಯೇ ಸೇರಿತು. ಒಂದು ಕುಟುಂಬದ ಐಶ್ವರ್ಯ ಅಥವಾ ಒಬ್ಬ ರೈತನ ವಿವೇಕ ಮಾಡುತ್ತಿದ್ದುದನ್ನು ಈಗ ಸರ್ಕಾರ ಕರ್ತವ್ಯವನ್ನಾಗಿ ಮಾಡಿತು. ೧೯೯೭ರ ತಿದ್ದುಪಡಿ ೧೪ನೆಯ ವಯಸ್ಸಿನಲ್ಲಿಯೇ ಪಾಠಕ್ರಮದ ಮಟ್ಟಿಗೆ ಆಲೋಚನೆ ಮೊದಲಾಗಬೇಕೆಂದಿತು. ೨೦೦೪ರದು ಮತ್ತೆ ೧೬ಕ್ಕೆ ಮುಂದೂಡಿತು. ಇದು ಹಿಂದೆ ಸರಿದ ಹೆಜ್ಜೆಯೆಂದೇ ನಮ್ಮ ಅಭಿಪ್ರಾಯ. ಸ್ಥಳದಿಂದ ಸ್ಥಳಕ್ಕೆ ಕಲಿಕೆಯನ್ನು ಒಯ್ಯಲು ಹೆಚ್ಚು ಕಾಲ ಬೇಕಾಗುವವರಿಗೆ ಎರಡು ವರ್ಷವೆಂಬುದು ಸಣ್ಣದಲ್ಲ. ಆದರೆ ಅದೇ ೨೦೦೪ರ ಕಾಯಿದೆ, ಯೋಜನೆಯ ಗುರಿಗಳನ್ನು ಅಳೆದು ನೋಡುವಂತಿರಬೇಕು, ಮುಂದಿನ ಓದು ಅಥವಾ ತರಬೇತಿ, ಉದ್ಯೋಗ, ಅಗತ್ಯವಿದ್ದೆಡೆ ಸ್ವತಂತ್ರ ಜೀವನದ ಕೌಶಲ ಇವನ್ನು ಒಳಗೊಂಡಿರಬೇಕು ಎಂದು ಖಚಿತವಾಗಿ ಹೇಳಿದೆ. ಸಂಕ್ರಮಣವನ್ನು ಚರ್ಚಿಸುವ ಸಭೆಗೆ ವಿದ್ಯಾರ್ಥಿಯನ್ನೇ ಆಹ್ವಾನಿಸಬೇಕೆಂಬ ನಿಯಮವೂ ಉಂಟು.

ಕಾಯಿದೆ ಬರೆದ ಮಾತ್ರಕ್ಕೆ ಬಾಳು ಬದಲಾಯಿತೇ? ಪಾಲ್ ಷಟಕ್ ಮತ್ತು ಅವರ ಸಂಗಡಿಗರು ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯೊಂದರ ಆಧಾರದಿಂದ ೨೦೧೨ರಲ್ಲಿ ಪ್ರಕಟಿಸಿದ ಲೆಕ್ಕ ಉತ್ಸಾಹವನ್ನು ತಗ್ಗಿಸುವಂತಿದೆ. ಶಾಲೆ ಬಿಟ್ಟ ಮೊದಲ ಆರು ವರ್ಷಗಳಲ್ಲಿ ಆಟಿಸಂ ಇರುವವರ ಪೈಕಿ ಶೇಕಡ ೩೪.೭ ಮಂದಿ ಕಾಲೇಜಿನ ಮೆಟ್ಟಿಲನ್ನು ಹತ್ತಿದ್ದರು, ಶೇಕಡ ೫೫.೧ ಮಂದಿ ಯಾವುದಾದರೊಂದು ಸಂಬಳದ ಕೆಲಸವನ್ನು ಮಾಡಿದ್ದರು. ಮೊದಲ ಎರಡು ವರ್ಷಗಳಲ್ಲಿ ಇದ್ದವರನ್ನಷ್ಟೇ ನೋಡಿದರೆ, ಅರ್ಧಕ್ಕೂ ಮಿಕ್ಕವರು ಓದಿನಲ್ಲಿಯೂ ಇಲ್ಲ, ಉದ್ಯೋಗದಲ್ಲಿಯೂ ಇಲ್ಲ. ಇದರ ಕಾರಣವನ್ನು ಕಾಯಿದೆಯ ರಚನೆಯಲ್ಲಿಯೇ ಹುಡುಕಬೇಕು. ಹೆಚ್ಚಿನ ರಾಜ್ಯಗಳಲ್ಲಿ ೨೧ನೆಯ ವಯಸ್ಸಿನವರೆಗೆ ಶಾಲೆಯ ಸೇವೆಗಳು ಹಕ್ಕಾಗಿ ದೊರೆಯುತ್ತವೆ. ಅಲ್ಲಿಂದ ಮುಂದೆ ವಯಸ್ಕರ ಸೇವೆಗಳು ಅರ್ಹತೆ, ಅನುದಾನ, ಕಾಯುವ ಪಟ್ಟಿ ಇವನ್ನು ಅವಲಂಬಿಸಿವೆ. ಯೋಜನೆಯನ್ನು ಬರೆಯುವವರು ಶಾಲೆಯವರು. ಅದು ನಡೆಯಬೇಕಾದುದು ಶಾಲೆಯವರ ಅಧಿಕಾರ ಮುಗಿದ ಮೇಲೆ. ಕರಾರಿಗೆ ಸಹಿಹಾಕಿದವನು ಒಬ್ಬ, ನೆರವೇರಿಸಬೇಕಾದವನು ಇನ್ನೊಬ್ಬ ಎಂಬಂತಾಯಿತು.

ಈ ತೊಡಕನ್ನು ಬಿಡಿಸಿದ ಪ್ರಯೋಗಗಳಲ್ಲಿ ಒಂದು ಶಿಕ್ಷಣ ಇಲಾಖೆಯಿಂದಲ್ಲ, ಆಸ್ಪತ್ರೆಯಿಂದ ಹೊರಟಿತು. ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯ ತುರ್ತು ವಿಭಾಗದ ಮುಖ್ಯಸ್ಥೆಯಾಗಿದ್ದ ಎರಿನ್ ರೀಲ್ ಅವರಿಗೆ, ಔಷಧೋಪಚಾರದ ಸಾಮಗ್ರಿಗಳನ್ನು ತಪ್ಪದೆ ತುಂಬಿಡುವ ಕೆಲಸಕ್ಕೆ ಸೇರಿದವರು ಮೇಲಿಂದ ಮೇಲೆ ಬಿಟ್ಟುಹೋಗುತ್ತಿದ್ದುದು ದೊಡ್ಡ ತಲೆನೋವಾಗಿತ್ತು. ಕ್ರಮವನ್ನು ಪ್ರೀತಿಸುವವರಿಗೆ ಇದು ತಕ್ಕ ಕೆಲಸವಲ್ಲವೇ? ೧೯೯೬ರಲ್ಲಿ ಮೊದಲಾದ ‘ಪ್ರಾಜೆಕ್ಟ್ ಸರ್ಚ್’ ಎಂಬ ಈ ಏರ್ಪಾಡಿನಲ್ಲಿ ವಿದ್ಯಾರ್ಥಿಗಳು ಶಾಲೆಯ ಕಡೆಯ ವರ್ಷವನ್ನು ಕೆಲಸದ ಸ್ಥಳದಲ್ಲಿಯೇ ಕಳೆಯುತ್ತಾರೆ, ಒಂದೊಂದು ವಿಭಾಗದಲ್ಲಿ ಕೆಲವು ವಾರಗಳಂತೆ ಮೂರು ಕೆಲಸಗಳನ್ನು ಕಲಿಯುತ್ತಾರೆ, ಶಿಕ್ಷಕರೂ ಜೊತೆಗಿರುತ್ತಾರೆ. ವರ್ಜೀನಿಯಾ ರಾಜ್ಯದಲ್ಲಿ ಇದಕ್ಕೆ ಆಟಿಸಂಗೆ ತಕ್ಕ ನೆರವುಗಳನ್ನು ಕೂಡಿಸಿ ಪಾಲ್ ವೇಮನ್ ಮತ್ತು ಸಂಗಡಿಗರು ನಡೆಸಿದ, ೨೦೧೪ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಈ ಏರ್ಪಾಡಿನಲ್ಲಿದ್ದ ೨೪ ಮಂದಿಯಲ್ಲಿ ೨೧ ಮಂದಿಗೆ ಉದ್ಯೋಗ ದೊರೆಯಿತು. ಎಂದಿನ ಶಾಲೆಯಲ್ಲಿಯೇ ಉಳಿದ ೧೬ ಮಂದಿಯಲ್ಲಿ ಒಬ್ಬರಿಗೆ. ಸಂಖ್ಯೆ ಚಿಕ್ಕದು. ಆದರೂ ಇಷ್ಟು ಅಂತರ ಬರಿಯ ಆಕಸ್ಮಿಕವಾಗಿರಲಾರದು. ಇಲ್ಲಿ ವಿದ್ಯಾರ್ಥಿಯು ಶಾಲೆಯಲ್ಲಿ ಕಲಿತುದನ್ನು ಬೇರೆಡೆಗೆ ಒಯ್ಯಬೇಕಾಗಿಲ್ಲ. ಕಲಿತ ಸ್ಥಳವೂ ದುಡಿಯುವ ಸ್ಥಳವೂ ಒಂದೇ. ಅವನೊಡನೆ ದುಡಿಯಬೇಕಾದವರೂ ಒಂದು ವರ್ಷ ಅವನನ್ನು ಕಂಡು ಕಲಿತಿರುತ್ತಾರೆ.

ವಿದ್ಯಾರ್ಥಿಯು ಸಭೆಗೆ ಬಂದರೂ ಅವನ ಮಾತನ್ನು ಕೇಳುವವರು ಬೇಕಷ್ಟೆ. ಈ ಚರಿತ್ರೆಯಲ್ಲಿ ಅವರ ಧ್ವನಿ ಕೇಳಿಸುವುದು ತಡವಾಗಿ. ೧೯೪೭ರಲ್ಲಿ ಹುಟ್ಟಿದ ಟೆಂಪಲ್ ಗ್ರ್ಯಾಂಡಿನ್ ಅವರು ೧೯೮೬ರಲ್ಲಿ ತಮ್ಮ ಆತ್ಮಕಥೆಯನ್ನು ಪ್ರಕಟಿಸಿದಾಗ, ಆಟಿಸಂ ಇರುವವರು ತಮ್ಮ ಬಾಳನ್ನು ತಾವೇ ಬರೆಯಬಲ್ಲರೆಂಬುದು ಅನೇಕರಿಗೆ ಹೊಸ ವಿಷಯವಾಗಿತ್ತು. ಹದಿಹರೆಯದಲ್ಲಿ ಚಿಕ್ಕಮ್ಮನ ದನಗಳ ಫಾರ್ಮಿನಲ್ಲಿ ದನಗಳನ್ನು ಅದುಮಿ ನಿಲ್ಲಿಸುವ ಕಟ್ಟಳೆಯನ್ನು ಕಂಡು ಅವರ ಮನಸ್ಸು ಅದರಲ್ಲಿಯೇ ನೆಟ್ಟಿತು. ಶಾಲೆಯಲ್ಲಿ ಇತರರು ಅದನ್ನು ವಿಕಾರವೆಂದರು. ವಿಜ್ಞಾನದ ಅಧ್ಯಾಪಕ ವಿಲಿಯಂ ಕಾರ್ಲಾಕ್ ಅವರೊಬ್ಬರು, ಅದು ಮನಸ್ಸನ್ನು ಹೇಗೆ ಶಾಂತಗೊಳಿಸುತ್ತದೆಂಬುದನ್ನು ಶಾಸ್ತ್ರೀಯವಾಗಿ ಓದಿ ತಿಳಿ ಎಂದು ದಾರಿ ತೋರಿಸಿದರು. ಆ ಹುಡುಗಿ ಮುಂದೆ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪಶುವಿಜ್ಞಾನದ ಪ್ರಾಧ್ಯಾಪಕರಾದರು. ಮಿಸಿಸಿಪ್ಪಿಯ ರೈತನಿಗೂ ಈ ಅಧ್ಯಾಪಕರಿಗೂ ಪರಿಚಯವಿರಲಿಲ್ಲ. ಅವರ ಉಪಾಯ ಒಂದೇ. ೧೯೯೩ರಲ್ಲಿ ಜಿಮ್ ಸಿಂಕ್ಲೇರ್ ಎಂಬವರು ಆಟಿಸಂ ಇರುವವರ ಪರವಾಗಿ ತಂದೆತಾಯಿಗಳನ್ನೇ ಉದ್ದೇಶಿಸಿ ಬರೆದು, ತಮ್ಮನ್ನು ಕುರಿತು ಶೋಕಿಸುವುದನ್ನು ಬಿಡಬೇಕೆಂದರು. ಅಂದಿನಿಂದ ಯೋಜನೆ ಯಾರದು ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವುದು ಕಷ್ಟವಾಗಿದೆ.

ಭಾರತದಲ್ಲಿ ಈ ಚರಿತ್ರೆ ಕಿರಿದು. ೧೯೯೫ರ ಅಂಗವಿಕಲರ ಕಾಯಿದೆಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. ೧೯೯೯ರ ರಾಷ್ಟ್ರೀಯ ನ್ಯಾಸ ಕಾಯಿದೆ ಅದನ್ನು ಹೆಸರಿಸಿತು. ತಾವು ಸತ್ತ ಮೇಲೆ ಮಗುವಿನ ಗತಿಯೇನೆಂಬ ತಂದೆತಾಯಿಗಳ ಚಿಂತೆಯೇ ಅದರ ಮೂಲವಾದುದರಿಂದ, ೧೮ ವರ್ಷ ದಾಟಿದವರಿಗೆ ಜಿಲ್ಲೆಯ ಸ್ಥಳೀಯ ಸಮಿತಿಯ ಮೂಲಕ ಪೋಷಕರನ್ನು ನೇಮಿಸುವ ಏರ್ಪಾಡು ಅದರಲ್ಲಿ ಮುಖ್ಯವಾಯಿತು. ೨೦೧೬ರ ಕಾಯಿದೆ ೨೧ ಬಗೆಯ ವೈಕಲ್ಯಗಳಲ್ಲಿ ಆಟಿಸಂನ್ನು ಸೇರಿಸಿ, ಗೊತ್ತಾದ ಪ್ರಮಾಣದ ವೈಕಲ್ಯವುಳ್ಳ ೬ರಿಂದ ೧೮ ವರ್ಷದವರಿಗೆ ಉಚಿತ ಶಿಕ್ಷಣವನ್ನೂ, ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇಕಡ ೪ರ ಮೀಸಲಾತಿಯನ್ನೂ ವಿಧಿಸಿತು. ಆ ನಾಲ್ಕರಲ್ಲಿ ಒಂದು ಪಾಲಿನಲ್ಲಿ ಆಟಿಸಂ ಸೇರುತ್ತದೆ. ಶಾಲೆ ಮತ್ತು ಹುದ್ದೆ ಎರಡು ದಡಗಳಾದುವು. ಆದರೆ ವಯಸ್ಸನ್ನು ಗೊತ್ತುಮಾಡಿ ಪ್ರತಿಯೊಬ್ಬ ವಿದ್ಯಾರ್ಥಿಗೂ ಸಂಕ್ರಮಣ ಯೋಜನೆಯನ್ನು ಬರೆಯಲೇಬೇಕೆಂಬ, ಅಮೆರಿಕದ ಶಾಸನದಲ್ಲಿರುವಂಥ ವಿಧಿ ಈ ಕಾಯಿದೆಯಲ್ಲಿ ಇಲ್ಲ.

ಬೆಂಗಳೂರಿಗೆ ಈ ಚರಿತ್ರೆಯಲ್ಲಿ ಒಂದು ಸಣ್ಣ ಸ್ಥಾನವುಂಟು. ಜರ್ಮನಿಯ ಸಾಪ್ ಎಂಬ ಸಾಫ್ಟ್‌ವೇರ್ ಸಂಸ್ಥೆ ಆಟಿಸಂ ಇರುವವರನ್ನು ಲೋಕದಾದ್ಯಂತ ಕೆಲಸಕ್ಕೆ ಸೇರಿಸಿಕೊಳ್ಳುವುದಾಗಿ ೨೦೧೩ರಲ್ಲಿ ಪ್ರಕಟಿಸಿದಾಗ, ಅದರ ಮೊದಲ ಪ್ರಯೋಗಗಳಲ್ಲೊಂದು ಬೆಂಗಳೂರಿನ ಶಾಖೆಯಲ್ಲಿ ಆಗಲೇ ನಡೆದಿತ್ತು. ಆರು ಮಂದಿ ಅಲ್ಲಿ ಸಾಫ್ಟ್‌ವೇರ್ ಪರೀಕ್ಷಕರಾಗಿ ಸೇರಿದ್ದರು. ಇದನ್ನು ಹೊಗಳುವವರು, ಆಟಿಸಂ ಇರುವವರೆಲ್ಲರೂ ಗಣಕಯಂತ್ರದಲ್ಲಿ ನಿಪುಣರೆಂಬ ಹೊಸ ಮೂಢನಂಬಿಕೆಯನ್ನು ಹರಡದಿದ್ದರೆ ಒಳಿತು. ಅಡಿಗೆಮನೆ, ತೋಟ, ಗ್ರಂಥಭಂಡಾರ, ಅಂಚೆಕಚೇರಿ ಇವೂ ಸ್ಥಳಗಳೇ.

೨೦೧೬ರ ಕಾಯಿದೆ ಸರ್ಕಾರದ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಇಂಥ ವಿದ್ಯಾರ್ಥಿಗಳಿಗೆ ಒಟ್ಟಾಗಿ ಕನಿಷ್ಠ ಶೇಕಡ ೫ರಷ್ಟು ಸ್ಥಾನಗಳನ್ನು ಕಾದಿರಿಸಿದೆ. ಆದುದರಿಂದ ಸಂಕ್ರಮಣವೆಂಬುದು ಇನ್ನು ಮುಂದೆ ಪ್ರೌಢಶಾಲೆಯವರ ವಿಷಯ ಮಾತ್ರವಲ್ಲ. ನಮ್ಮ ತರಗತಿಯ ಕಡೆಯ ಬೆಂಚಿನಲ್ಲಿ ಕುಳಿತು, ವೇಳಾಪಟ್ಟಿ ಹೇಳದೆಯೇ ಬದಲಾದ ದಿನ ಮಾತಾಡದೆ ಎದ್ದುಹೋಗುವ ವಿದ್ಯಾರ್ಥಿಯು, ಪದವಿಯ ಮೂರನೆಯ ವರ್ಷ ಮುಗಿಯುವುದರೊಳಗೆ ಎಲ್ಲಿಗೆ ಹೋಗಬೇಕೆಂಬುದನ್ನು ಅವನೊಡನೆ ಕುಳಿತು ಕೇಳುವವರು ಈಗ ಕಾಲೇಜಿನ ಅಧ್ಯಾಪಕರೇ ಆಗಬೇಕಾಗಿದೆ. ಮತ್ತು ಆ ಸ್ಥಳದವರೊಡನೆ ಮೊದಲು ಮಾತಾಡುವವರೂ ಅವರೇ.